ಮೇಜು ಬಿಡದ ಲ್ಯಾಪ್‌ಟಾಪ್: ಉಬ್ಬಿದ ಬ್ಯಾಟರಿ ಮತ್ತು 40 ವರ್ಷದ ಹಳೇ ಸಲಹೆಗಳು

  ಇವತ್ತಿನ ಇತಿಹಾಸದಲ್ಲಿ ರಾಜರೂ ಇಲ್ಲ, ಕೋಟೆಯೂ ಇಲ್ಲ. ಇವತ್ತಿನದು ನಿಮ್ಮ ಮೇಜಿನ ಮೇಲೆ ಸದಾ ಚಾರ್ಜರ್ ಹಚ್ಚಿಕೊಂಡೇ ಕೂತಿರೋ ಲ್ಯಾಪ್‌ಟಾಪ್‌ನ ಇತಿಹಾಸ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕಲಬುರಗಿಯ ರೂಮ್ ಖಾಲಿ ಮಾಡಿ ಕಮಲಾಪುರದ ಮನೆಗೆ ಬಂದೆ. ಬಿ.ಕಾಂ. ಮುಗಿದಿತ್ತು, ಟ್ಯಾಲಿ ಎಂಟ್ರಿ ಕೆಲಸ ಮನೆಯಿಂದಲೇ ನಡೀತಿತ್ತು. ಡೆಸ್ಕ್‌ಟಾಪ್ ತಗೊಳ್ಳೋಕೆ ದುಡ್ಡಿಲ್ಲ. ಇದ್ದ ಲ್ಯಾಪ್‌ಟಾಪನ್ನೇ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಹೊರಗಿನ ಕೀಬೋರ್ಡ್ ಜೋಡಿಸಿ, ಚಾರ್ಜರ್ ಹಚ್ಚಿದೆ. ಹಚ್ಚಿದ್ದು ಹಚ್ಚಿದ ಹಾಗೇ ಎರಡು ವರ್ಷ. ಹಗಲು ರಾತ್ರಿ ನೂರಕ್ಕೆ ನೂರು ಚಾರ್ಜ್. ಈ ಪಾಡ್‌ಕಾಸ್ಟ್‌ನ ಮೊದಲ ಕಂತುಗಳು ಎಡಿಟ್ ಆಗಿದ್ದೂ ಅದರಲ್ಲೇ.

2022ರ ಬೇಸಿಗೆ. ಟಚ್‌ಪ್ಯಾಡ್ ಕ್ಲಿಕ್ ಆಗೋದು ನಿಂತಿತು. ನೋಡಿದರೆ ಮೇಲಕ್ಕೆದ್ದಿದೆ, ಕೆಳಗಿನ ಮುಚ್ಚಳದ ಅಂಚು ಬಾಯಿ ಬಿಟ್ಟಿದೆ. ಕಲಬುರಗಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಮುಚ್ಚಳ ತೆಗೆದು ನನ್ನ ಮುಖ ನೋಡಿದರು.

"ತಮ್ಮಾ, ಇದರ ವಾಯರ್ ಯಾವಾಗರ ತೆಗೀತಿದ್ದೇನು?"

"ಇಲ್ರೀ ಕಾಕಾ. ಮನ್ಯಾಗ ಮೇಜಿನ ಮ್ಯಾಲೇ ಇರ್ತಿತ್ತು."

"ಬ್ಯಾಟರಿ ಉಬ್ಬ್ಯದ ನೋಡು. ಇನ್ನ ಇದಕ್ಕ ಚಾರ್ಜರ್ ಹಚ್ಚಬ್ಯಾಡ. ಒತ್ತಬ್ಯಾಡ, ಚುಚ್ಚಬ್ಯಾಡ."

ಆ ಲ್ಯಾಪ್‌ಟಾಪ್ ತಂಗಿ ಹಾಸ್ಟೆಲ್‌ಗೆ ಒಯ್ಯಬೇಕಿತ್ತು. ಹಾಸಿಗೆ ಮೇಲಿಟ್ಟುಕೊಂಡು ಓದ್ತಿದ್ದಳು. ಅದನ್ನ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ. ಅವತ್ತಿನಿಂದ ಹುಡುಕೋಕೆ ಶುರು ಮಾಡಿದೆ: ನಾನು ಮಾಡಿದ ತಪ್ಪು ಏನು? ಮೇಜಿನ ಮೇಲೆ ಬಳಸಿದ್ದೇ ತಪ್ಪಾ?

ಅಲ್ಲ. ಮಜಾ ಏನಂದ್ರೆ, ಒಯ್ಯುವ ಕಂಪ್ಯೂಟರ್ ಹುಟ್ಟಿದ್ದೇ ಗೋಡೆಯ ಸಾಕೆಟ್ ನಂಬಿಕೊಂಡು. 1981ರಲ್ಲಿ ಬಂದ ಆಸ್ಬಾರ್ನ್ 1 ಸುಮಾರು 11 ಕಿಲೋ ತೂಗುತ್ತಿತ್ತು, ಐದು ಇಂಚಿನ ಪರದೆ. ಒಳಗೆ ಬ್ಯಾಟರಿ ಇರಲಿಲ್ಲ. ಹೊತ್ತುಕೊಂಡು ಹೋಗು, ಅಲ್ಲಿ ಪ್ಲಗ್ ಹಾಕು, ಅಷ್ಟೇ. ಅದನ್ನು ಮಾಡಿದ ಆಡಂ ಆಸ್ಬಾರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. 2003ರಲ್ಲಿ ತೀರಿಕೊಂಡದ್ದು ಕೊಡೈಕೆನಾಲ್‌ನಲ್ಲಿ.

ಬ್ಯಾಟರಿ ಲ್ಯಾಪ್‌ಟಾಪ್‌ಗಳು ಬಂದಾಗ ಅವುಗಳಲ್ಲಿ ಹಲವದರಲ್ಲಿ ಇದ್ದದ್ದು ನಿಕಲ್-ಕ್ಯಾಡ್ಮಿಯಂ. ಸ್ವೀಡನ್‌ನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದದ್ದು. ಅದಕ್ಕೊಂದು ಚಟ ಇತ್ತು: ಪೂರ್ತಿ ಖಾಲಿ ಮಾಡದೆ ಪದೇ ಪದೇ ಅರ್ಧಕ್ಕೇ ಚಾರ್ಜ್ ಮಾಡಿದರೆ ಅದರ ಶಕ್ತಿ ಕುಗ್ಗಿದಂತೆ ಆಗ್ತಿತ್ತು. ಇದಕ್ಕೇ 'ಮೆಮೊರಿ ಎಫೆಕ್ಟ್' ಅಂತಾರೆ. "ಪೂರ್ತಿ ಇಳಿಸಿ ಆಮೇಲೆ ಪೂರ್ತಿ ಏರಿಸು" ಅಂತ ನಮಗೆ ಇವತ್ತೂ ಸಲಹೆ ಕೊಡ್ತಾರಲ್ಲ, ಅದು ಆ ಕಾಲದ್ದು. ಬ್ಯಾಟರಿ ಬದಲಾಯಿತು, ಸಲಹೆ ಮಾತ್ರ ಹಾಗೇ ಉಳೀತು.

ಬದಲಾದದ್ದು 1991ರಲ್ಲಿ. ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದೆ ಮೂವರ ದುಡಿಮೆ ಇತ್ತು: 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಜಾನ್ ಗುಡ್‌ಇನಫ್, 1985ರಲ್ಲಿ ಅಕಿರಾ ಯೋಶಿನೊ. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ!

ಹೊಸ ಬ್ಯಾಟರಿಗೆ ಮೆಮೊರಿ ಚಟ ಇಲ್ಲ. ಆದರೆ ಬೇರೆ ಎರಡು ಶತ್ರುಗಳಿವೆ, ಒಂದು ತುಂಬಿದ ಹೊಟ್ಟೆ, ಇನ್ನೊಂದು ಬಿಸಿ. ನೂರು ಪರ್ಸೆಂಟ್ ಆದಾಗ ಒಂದೊಂದು ಸೆಲ್‌ನ ವೋಲ್ಟೇಜ್ ಸುಮಾರು 4.2ಕ್ಕೆ ಏರಿರುತ್ತೆ. ಆ ಒತ್ತಡದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಹಾಳಾಗುತ್ತೆ, ಕೆಲವೊಮ್ಮೆ ಗ್ಯಾಸ್ ಹುಟ್ಟುತ್ತೆ. ಉಬ್ಬೋದು ಆ ಗ್ಯಾಸ್‌ನಿಂದಲೇ. ಬಿಸಿ ಸೇರಿದರೆ ಇದೆಲ್ಲ ಬೇಗ ಬೇಗ ನಡೆಯುತ್ತೆ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನ ತಂಪಿನಲ್ಲಿಟ್ಟರೆ ಒಂದು ಲೆಕ್ಕ, ಮೇ ತಿಂಗಳ ತಗಡಿನ ಶೆಡ್‌ನಲ್ಲಿಟ್ಟರೆ ಇನ್ನೊಂದು ಲೆಕ್ಕ ಅಲ್ವಾ? ಹಾಗೇ.

'ಬ್ಯಾಟರಿ ಯೂನಿವರ್ಸಿಟಿ' ಅನ್ನೋ ವೆಬ್‌ಸೈಟ್‌ನ ಒಂದು ಪಟ್ಟಿ ತುಂಬಾ ಪ್ರಸಿದ್ಧ. ಬ್ಯಾಟರಿಯನ್ನು 25 ಡಿಗ್ರಿಯಲ್ಲಿ 40 ಪರ್ಸೆಂಟ್ ಚಾರ್ಜ್‌ನಲ್ಲಿ ಒಂದು ವರ್ಷ ಇಟ್ಟರೆ ಸುಮಾರು 96 ಪರ್ಸೆಂಟ್ ಸಾಮರ್ಥ್ಯ ಉಳಿಯುತ್ತೆ. ಅದೇ 40 ಡಿಗ್ರಿಯಲ್ಲಿ, ಪೂರ್ತಿ ಚಾರ್ಜ್‌ನಲ್ಲಿ ಇಟ್ಟರೆ ಉಳಿಯೋದು ಸುಮಾರು 65. ಈಗ ಹೇಳಿ, 40 ಡಿಗ್ರಿ ಅನ್ನೋದು ಕಲಬುರಗಿಯವರಿಗೆ ಪ್ರಯೋಗಾಲಯದ ಅಂಕಿಯಾ? ನಮಗದು ಏಪ್ರಿಲ್-ಮೇ ತಿಂಗಳ ಮಾಮೂಲಿ ಮಧ್ಯಾಹ್ನ. ನನ್ನ ಕಿಟಕಿ ಪಕ್ಕದ ಮೇಜು ಆ ಪಟ್ಟಿಯ 40 ಡಿಗ್ರಿ ಸಾಲಿನಲ್ಲೇ ಕೂತಿತ್ತು.

ಬಿ.ಕಾಂ. ಓದಿದವರಿಗೆ ಸವಕಳಿ ಗೊತ್ತು. ಬ್ಯಾಟರಿಗೆ ಎರಡು ಸವಕಳಿ ಒಟ್ಟಿಗೇ ನಡೀತವೆ: ಬಳಸಿದ್ದಕ್ಕೊಂದು, ಸುಮ್ಮನೆ ಇಟ್ಟದ್ದಕ್ಕೊಂದು. ನಾನು "ಬಳಸ್ತಾನೇ ಇಲ್ಲ, ಹಾಗಾಗಿ ಉಳೀತಿದೆ" ಅಂದುಕೊಂಡಿದ್ದೆ. ಎರಡನೇ ಖಾತೆ ನೋಡಿಯೇ ಇರಲಿಲ್ಲ.

ಹಾಗಾದರೆ ನಮ್ಮ ಅಣ್ಣಂದಿರ ಕಾಲದವರು ಏನು ಮಾಡ್ತಿದ್ದರು? ಅವರ ಲ್ಯಾಪ್‌ಟಾಪ್‌ಗೆ ಕೆಳಗೆ ಒಂದು ಲಾಚ್ ಇರ್ತಿತ್ತು, ಬ್ಯಾಟರಿ ತೆಗೆದು ಕಪಾಟಿನಲ್ಲಿಟ್ಟು ಪ್ಲಗ್ ಮೇಲೆ ಓಡಿಸೋರು. 2006ರಲ್ಲಿ ಬೆಂಕಿ ಹೊತ್ತುವ ಭಯದಿಂದ ಡೆಲ್ 41 ಲಕ್ಷ ಬ್ಯಾಟರಿ ವಾಪಸ್ ಕರೆದಾಗ ಗ್ರಾಹಕರು ತಾವೇ ತೆಗೆದು ಬದಲಿಸಿಕೊಳ್ಳಬಹುದಿತ್ತು. 2008ರಲ್ಲಿ ಬ್ಯಾಟರಿ ಒಳಗೇ ಮುಚ್ಚಿಟ್ಟ ಮ್ಯಾಕ್‌ಬುಕ್ ಏರ್ ಬಂತು. ತೆಳ್ಳಗಿನ ಲ್ಯಾಪ್‌ಟಾಪ್‌ಗಳೆಲ್ಲ ಆ ದಾರಿ ಹಿಡಿದವು, ಲಾಚ್ ಮಾಯವಾಯಿತು. ಈಗ ಯುರೋಪಿನ 2023ರ ಕಾನೂನು 2027ರ ಫೆಬ್ರವರಿಯಿಂದ ಬಳಕೆದಾರರೇ ತೆಗೆಯಬಲ್ಲ ಬ್ಯಾಟರಿ ಬೇಕು ಅನ್ನುತ್ತಿದೆ. ಸುತ್ತಿ ಬಳಸಿ ಮತ್ತೆ ಲಾಚ್‌ಗೇ ಬಂದ ಹಾಗೆ.

ನಮ್ಮ ಕರ್ನಾಟಕದಲ್ಲೂ ಬೇರೆ ಥರ ಯೋಚಿಸಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮತ್ತು ಎನ್ಕೋರ್ ಕಂಪನಿಯವರು ಸೇರಿ ಮಾಡಿದ 'ಸಿಂಪ್ಯೂಟರ್' ನೆನಪಿದೆಯಾ? ಹಳ್ಳಿಯವರ ಕೈಗೆಂದೇ ಯೋಚಿಸಿದ ಆ ಪುಟ್ಟ ಕಂಪ್ಯೂಟರ್‌ನ ವಿನ್ಯಾಸ ಓಡುತ್ತಿದ್ದುದು ಮೂರು ಟ್ರಿಪಲ್-ಎ ಸೆಲ್‌ಗಳ ಮೇಲೆ. ಕಿರಾಣಿ ಅಂಗಡಿಯಲ್ಲಿ ಸಿಗೋ ಸೆಲ್! ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಆ ಯೋಚನೆಗೆ ನಾನು ಈಗಲೂ ಸಲಾಂ ಹೊಡೀತೀನಿ.

ಸರಿ, ಈಗ ನಾನೇನು ಮಾಡ್ತೀನಿ? ಹೊಸ ಲ್ಯಾಪ್‌ಟಾಪ್ ಕಂತಿನ ಮೇಲೆ ತಗೊಂಡ ದಿನವೇ ಚಾರ್ಜ್ ಮಿತಿ 80ಕ್ಕೆ ಇಟ್ಟೆ. ಲೆನೊವೊದಲ್ಲಿ 'ಕನ್ಸರ್ವೇಶನ್ ಮೋಡ್', ಏಸೂಸ್‌ನಲ್ಲಿ 'ಮೈಏಸೂಸ್' ಆ್ಯಪ್, ಡೆಲ್‌ನಲ್ಲಿ 'ಪ್ರೈಮರಿಲಿ ಎಸಿ ಯೂಸ್', ಹೀಗೆ ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಚಾರ್ಜರ್ ಹಚ್ಚಿಟ್ಟರೆ 'ಓವರ್‌ಚಾರ್ಜ್' ಆಗಲ್ಲ, ಒಳಗಿನ ಸರ್ಕ್ಯೂಟ್ ತಾನೇ ನಿಲ್ಲಿಸುತ್ತೆ. ತೊಂದರೆ ಇರೋದು ತುಂಬಿದ ಹೊಟ್ಟೆಯಲ್ಲೇ ಬಿಸಿಯಲ್ಲಿ ತಿಂಗಳುಗಟ್ಟಲೆ ಕೂರೋದರಲ್ಲಿ. ಮೇಜನ್ನ ಕಿಟಕಿಯಿಂದ ಸರಿಸಿದೆ, ಲ್ಯಾಪ್‌ಟಾಪ್ ಕೆಳಗೆ ಗಾಳಿ ಆಡೋ ಸ್ಟ್ಯಾಂಡ್ ಇಟ್ಟೆ.

"ಅಣ್ಣಾ, ನಮ್ಮ ಕಡೆ ಕರೆಂಟ್ ಹೋಗ್ತದಲ್ಲ, 80 ಸಾಲ್ತದೇನು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಮಗೆ ಈ ಬ್ಯಾಟರಿಯೇ ಯುಪಿಎಸ್. ಡೆಸ್ಕ್‌ಟಾಪ್ ಆಗಿದ್ದರೆ ಕರೆಂಟ್ ಹೋದ ಕ್ಷಣ ರೆಕಾರ್ಡಿಂಗ್ ಹೋಗ್ತಿತ್ತು. ಅದಕ್ಕೇ ಮಳೆ-ಗಾಳಿ ಮುನ್ಸೂಚನೆ ಇದ್ದ ದಿನ, ಊರಿಗೆ ಹೊರಡೋ ದಿನ ಮಿತಿ ತೆಗೆದು ನೂರು ಮಾಡ್ಕೋತೀನಿ. ಮರುದಿನ ಮತ್ತೆ 80. ಬ್ಯಾಟರಿ ಇರೋದು ನಮಗಾಗಿ, ನಾವು ಬ್ಯಾಟರಿಗಾಗಿ ಅಲ್ಲ.

ಕೊನೇ ಮಾತು. ಉಬ್ಬಿದ ಬ್ಯಾಟರಿ ಕಂಡರೆ ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಡಿ.

ತಂಗಿ ಈಗ ಹಾಸ್ಟೆಲ್‌ನಲ್ಲಿದ್ದಾಳೆ. ಹಳೇ ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ ಹಾಕಿಸಿ ಕೊಟ್ಟಿದ್ದೀನಿ. ಫೋನ್ ಮಾಡಿದಾಗ ಒಂದು ಮಾತು ತಪ್ಪದೇ ಕೇಳ್ತೀನಿ: "ಟಚ್‌ಪ್ಯಾಡ್ ಸಪಾಟ್ ಅದ ಇಲ್ಲೋ?" ನೀವೂ ಇವತ್ತು ಒಮ್ಮೆ ನಿಮ್ಮದನ್ನ ತಿರುಗಿಸಿ ನೋಡ್ರಿ. ಮುಂದಿನ ಕಂತಿನಲ್ಲಿ ಸಿಗೋಣ, ಬರ್ತೀನ್ರೀ.