ಕಡಲತಡಿಯ ಕಲ್ಲು, ಬಿಟ್ಟುಹೋದ ಹೆಸರು

ನಿಮ್ಮಲ್ಲಿ ಹಲವರ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರಬಹುದು. ಅದರೊಳಗಿನ ಚಕ್ರ ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಬಾಳಿದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚು. ಅಂಥವೇ ಸುರುಳಿಗಳು ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಊರಿನ ಬಂಡೆಗಳಲ್ಲಿ ಹೇರಳವಾಗಿವೆ. ಅಲ್ಲಿಯ ಬಡವರು ಅವನ್ನು ಹಾವುಗಲ್ಲೆಂದು ಕರೆದು ಪ್ರವಾಸಿಗಳಿಗೆ ಮಾರುತ್ತಿದ್ದರು.

ಮೇರಿ ಆನಿಂಗ್ ಆ ಊರಿನ ಮರಗೆಲಸದವನೊಬ್ಬನ ಮಗಳು, 1799ರಲ್ಲಿ ಹುಟ್ಟಿದವಳು. 1810ರಲ್ಲಿ ತಂದೆ ಸಾಲ ಉಳಿಸಿ ತೀರಿಕೊಂಡ ಮೇಲೆ ಕಲ್ಲು ಹುಡುಕುವುದೇ ಮನೆಯ ಜೀವನಾಧಾರವಾಯಿತು. ಚಳಿಗಾಲದ ಬಿರುಮಳೆಗೆ ದಂಡೆ ಕುಸಿದಾಗ ಹೊಸ ಕಲ್ಲುಗಳು ಹೊರಬೀಳುತ್ತವೆ. ಅಲೆಗಳು ಕೊಚ್ಚಿಕೊಂಡು ಹೋಗುವ ಮೊದಲೇ ಅವನ್ನು ಹೆಕ್ಕಬೇಕು. 1833ರಲ್ಲಿ ಅಂಥ ಕುಸಿತವೊಂದು ಅವಳ ಸಂಗಾತಿಯಾಗಿದ್ದ ನಾಯಿಯನ್ನು ಅವಳ ಕಣ್ಣೆದುರಿಗೇ ಹೂತುಹಾಕಿತು.

1811ರಲ್ಲಿ ಅಣ್ಣ ಜೋಸೆಫನಿಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಮರುವರ್ಷ ಮೇರಿ ಉಳಿದ ಎಲುಬುಗಳನ್ನು ಪತ್ತೆಮಾಡಿದಳು. ಇಕ್ತಿಯೋಸಾರ್ ಎಂದು ಮುಂದೆ ಹೆಸರಾದ ಆ ಜಲಸರೀಸೃಪ 23 ಪೌಂಡಿಗೆ ಮಾರಾಟವಾಯಿತು. 1823ರಲ್ಲಿ ಅವಳು ಪ್ಲೀಸಿಯೋಸಾರ್ ಒಂದರ ಅಸ್ಥಿಪಂಜರವನ್ನೇ ಹೊರತೆಗೆದಳು. 1824ರಲ್ಲಿ ವಿಲಿಯಂ ಕಾನಿಬೇರ್ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದನ್ನು ಸವಿಸ್ತಾರವಾಗಿ ವರ್ಣಿಸಿದರು. ಆದರೆ ಅಗೆದವಳ ಹೆಸರನ್ನು ಎತ್ತಲಿಲ್ಲ. ಆ ಸಂಘ ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿ 1847ರಲ್ಲೇ ತೀರಿಕೊಂಡಿದ್ದಳು.

ಹಳಗನ್ನಡ ಶಾಸನಗಳನ್ನು ಪಾಠ ಹೇಳಿದವನು ನಾನು. ಅವುಗಳಲ್ಲಿ ಎಷ್ಟೋ ಕಡೆ ದಾನವಿತ್ತ ಅರಸನ ಹೆಸರಾದ ಮೇಲೆ, ಕೊನೆಯಲ್ಲಿ, ಅಕ್ಷರಗಳನ್ನು ಕಂಡರಿಸಿದ ರೂವಾರಿಯ ಹೆಸರೂ ಉಂಟು. ಕಲ್ಲಿನೊಡನೆ ದುಡಿದ ಕೈಗೆ ನಮ್ಮ ಹಿಂದಿನವರು ಸಲ್ಲಿಸಿದ ಇಷ್ಟು ಸಣ್ಣ ನ್ಯಾಯ ಆ ವಿದ್ವತ್ಸಭೆಗೆ ಅಂದು ತೋಚಲಿಲ್ಲ.