ಬಿಲ್ಲು ಹಿಡಿದ ಹೆಂಗಸರು ಮತ್ತು ಪರದೇಶದ ಹುಡುಗಿ

ಪಂಚಾಯ್ತಿ ನೀರಿನ ಸುದ್ದಿಗೆಂದು ಬೊಬ್ರುವಾಡಕ್ಕೆ ಹೋಗಿದ್ದೆವು. ಒಂದು ಮನೆಯ ಜಗಲಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಿಂದ ಕಣ್ಣೇ ತೆಗೆಯುತ್ತಿರಲಿಲ್ಲ. ಏನು ಓದ್ತಾ ಇದ್ದೀಯಾ ಅಂತ ಕೇಳಿದೆವು. "ಮಾಂಗಾ ಅಣ್ಣಾ. ಜಪಾನಿನ ಚಿತ್ರಕತೆ. ಹಳೇ ಕಾಲದ ರಾಜಕುಮಾರನ ಲವ್ ಸ್ಟೋರಿ" ಅಂದಳು. ನೀರಿನ ಸುದ್ದಿ ಆವತ್ತೇ ಕಳಿಸಿದೆವು. ಈ ಕತೆ ಮಾತ್ರ ತಲೆಯಲ್ಲೇ ಉಳಿಯಿತು.

ಅವಳು ಓದುತ್ತಿದ್ದದ್ದು 'ರೆಡ್ ರಿವರ್'. ಚಿಯೆ ಶಿನೊಹಾರಾ ಎಂಬ ಜಪಾನಿ ಲೇಖಕಿ 1995ರಿಂದ 2002ರವರೆಗೆ ಬರೆದು ಚಿತ್ರಿಸಿದ್ದು, ಒಟ್ಟು 28 ಸಂಪುಟ. ಯೂರಿ ಎಂಬ ಇವತ್ತಿನ ಜಪಾನಿನ ಹುಡುಗಿಯನ್ನು ನೀರಿನೊಳಗಿಂದ ಕೈಗಳು ಬಂದು ಎಳೆಯುತ್ತವೆ. ಎದ್ದು ನೋಡಿದರೆ ಮೂರು ಸಾವಿರ ವರ್ಷಕ್ಕೂ ಹಿಂದಿನ ಹಿಟೈಟ್ ರಾಜ್ಯ, ಅಂದರೆ ಈಗಿನ ಟರ್ಕಿ. ಅಲ್ಲಿನ ರಾಣಿಗೆ ಬಲಿ ಕೊಡಲು ಒಬ್ಬ ಹುಡುಗಿ ಬೇಕಿರುತ್ತದೆ. ರಾಜಕುಮಾರ ಅವಳನ್ನು ಉಳಿಸುತ್ತಾನೆ, ಪ್ರೀತಿಯೂ ಆಗುತ್ತದೆ. ಈ ರಾಜಕುಮಾರ ಪೂರ್ತಿ ಕಟ್ಟುಕತೆಯಲ್ಲ. ಎರಡನೇ ಮುರ್ಸಿಲಿ ಎಂಬ ರಾಜ ನಿಜವಾಗಿ ಇದ್ದ, ಅವನ ಕಾಲದ ಮಣ್ಣಿನ ಹಲಗೆಯ ಬರಹಗಳು ಸಿಕ್ಕಿವೆ.

ಇದಕ್ಕೂ ಹಿಂದೆ, 1976ರಲ್ಲಿ, ಚಿಯೆಕೊ ಹೊಸೊಕಾವಾ ಎಂಬವರು ಇಂಥದೇ ಕತೆ ಶುರು ಮಾಡಿದ್ದರು. ಅದರಲ್ಲಿ ಅಮೆರಿಕದ ಹುಡುಗಿ, ಈಜಿಪ್ಟಿನ ರಾಜ. ಅರವತ್ತು ಸಂಪುಟ ದಾಟಿದೆ. ನಮ್ಮ ಟೀವಿ ಧಾರಾವಾಹಿಗಳನ್ನು ಎಳೀತಾರೆ ಅಂತ ಬೈಯುವವರು ಇದನ್ನೊಮ್ಮೆ ನೋಡಬೇಕು.

ಪರದೇಶದ ಹುಡುಗಿ, ಗುರುತಿಲ್ಲದ ರಾಜ್ಯ, ಬಲಿಯ ಭಯ, ತಿಳಿಯದ ಭಾಷೆ. ಈ ಕತೆಯನ್ನು ಎಲ್ಲೋ ಕೇಳಿದ್ದೇವಲ್ಲ ಅನ್ನಿಸಿತು. ಹೌದು, ಡಿಪ್ಲೊಮಾ ಓದುವಾಗ ಕೇಳಿದ್ದೆವು. ಅದು ನಮ್ಮ ಕಡಲ ಬದಿಯದೇ ಕತೆ.

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಊರು. ಅಲ್ಲಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷರು ಅಗೆದಾಗ ರಾಶಿ ರಾಶಿ ಪಪೈರಸ್ ಹಾಳೆ ಸಿಕ್ಕಿತು. ಅದರಲ್ಲೊಂದು ಗ್ರೀಕ್ ಪ್ರಹಸನ, ಸುಮಾರು ಎರಡನೇ ಶತಮಾನದ್ದು. 1903ರಲ್ಲಿ ಅಚ್ಚಾಯಿತು. ಅದರ ನಾಯಕಿ ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ. ಭಾರತದ ಕಡಲತೀರದ ಒಬ್ಬ ರಾಜನ ಸೀಮೆಯಲ್ಲಿ, ದೇವಿಯ ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳಿಗೂ ಬಲಿಯ ಗಂಡಾಂತರ. ಬಿಡಿಸಲು ಬರುವವನು ಪ್ರೇಮಿಯಲ್ಲ, ಅಣ್ಣ. ಜೊತೆಗೆ ಹಡಗಿನವರು ಮತ್ತೊಬ್ಬ ವಿದೂಷಕ.

ಈ ವಿದೂಷಕನನ್ನು ಯಕ್ಷಗಾನದ ಹಾಸ್ಯಗಾರನ ಹಾಗೆ ಅಂದುಕೊಳ್ಳಿ, ಆದರೆ ಇವನ ಅಸ್ತ್ರ ಹೂಸು. ನಿಜವಾಗಿಯೂ! ಶತ್ರುಗಳನ್ನು ಓಡಿಸುವುದೇ ಅದರಿಂದ. ಹಾಳೆಯ ಮೇಲೆ ಎಲ್ಲೆಲ್ಲಿ ವಾದ್ಯ ಬಾರಿಸಬೇಕು ಅಂತ ಗುರುತು ಕೂಡ ಇದೆ. ನಮ್ಮ ಕಡೆ ಆಡಿದ್ದರೆ ಗುಮಟೆ ಬಾರಿಸುತ್ತಿದ್ದರೋ ಏನೋ. ಕೊನೆಗೆ ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ರಾಜನನ್ನು ಕಟ್ಟಿಹಾಕಿ, ಗ್ರೀಕರು ಹಡಗು ಹತ್ತಿ ಪರಾರಿ.

ರಾಜ ಮತ್ತು ಅವನ ಜನ ಒಂದು ಬೇರೆ ಭಾಷೆ ಆಡುತ್ತಾರೆ, ಗ್ರೀಕ್ ಅಕ್ಷರದಲ್ಲಿ ಬರೆದದ್ದು. ಶಾಸನಗಳನ್ನು ಓದಿ ಪಳಗಿದ್ದ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸ 1904ರಲ್ಲಿ ಇದು ಕನ್ನಡ ಅಂದರು. 'ಕೊಂಚ', 'ಮಧು', 'ಪಾತ್ರ' ಇಂಥ ಪದ ಹೆಕ್ಕಿ ತೋರಿಸಿದರು. ಕುಡಿತದ ಸನ್ನಿವೇಶಕ್ಕೆ ಸರಿಯಾಗಿ ಕೂರುತ್ತವೆ. ಮೈಸೂರಿನ ಶಾಮಾಶಾಸ್ತ್ರಿಗಳು ಒಪ್ಪಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಬಾರ್ನೆಟ್ ಎಂಬವರು 1926ರಲ್ಲಿ ಇದು ಕನ್ನಡವೇ ಅಲ್ಲ ಅಂತ ವಾದಿಸಿದರು. ತುಳು ಅನ್ನುವವರಿದ್ದಾರೆ. ಪ್ರೇಕ್ಷಕರನ್ನು ನಗಿಸಲು ಸುಮ್ಮನೆ ಜೋಡಿಸಿದ ಸದ್ದು ಅನ್ನುವವರೂ ಇದ್ದಾರೆ. ಹಾಳೆಯಲ್ಲಿ ಬಂದರಿನ ಹೆಸರಿಲ್ಲ. ಉಡುಪಿ ಕಡೆಯವರು ಮಲ್ಪೆ ಅನ್ನುತ್ತಾರೆ. ಹಾಗಾದರೆ ಕಾರವಾರ ಯಾಕಲ್ಲ ಅಂತ ಕೇಳಲು ಆಸೆಯಾಗುತ್ತದೆ. ಆಧಾರವಿಲ್ಲ, ಸುಮ್ಮನಿರುತ್ತೇವೆ.

ಕನ್ನಡವೋ ತುಳುವೋ, ನಮ್ಮನ್ನು ಚುಚ್ಚುವುದು ಬೇರೆ ವಿಷಯ. ಆ ಮಾತುಗಳನ್ನು ಬರೆದದ್ದು ಈಜಿಪ್ಟಿನ ಪ್ರೇಕ್ಷಕರು ನಗಲಿ ಅಂತ. ಗ್ರೀಕ್ ಹುಡುಗಿಗೆ ಹೆಸರಿದೆ, ಧರ್ಮಬುದ್ಧಿಯಿದೆ. ದೇವಿಯ ಕಾಣಿಕೆ ಕದಿಯೋಣ ಅಂದ ವಿದೂಷಕನನ್ನು ತಡೆಯುವವಳು ಅವಳೇ. ತೀರದವರ ಪಾಲಿಗೆ ಕುಡಿತ, ಕುಣಿತ, ಅರ್ಥವಾಗದ ಮಾತು. ಅಂಕೋಲೆಯ ಕನ್ನಡ ಬಾಯಿಗೆ ಬಂದಾಗ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ನಗುತ್ತಿದ್ದದ್ದು ನಮಗೆ ನೆನಪಾಯಿತು. ಅದಕ್ಕೇ ಇರಬೇಕು, ಮೇಷ್ಟ್ರು ಈ ಪ್ರಹಸನವನ್ನು 'ಕನ್ನಡದ ಹೆಮ್ಮೆ' ಅಂದಾಗ ನಮಗೆ ಪೂರ್ತಿ ಹೆಮ್ಮೆ ಆಗಿರಲಿಲ್ಲ.

ಮಾಂಗಾಗಳದ್ದೂ ಬಹಳ ಸಲ ಇದೇ ದಾರಿ. ಹೊರಗಿನಿಂದ ಬಂದವಳು ನಾಯಕಿ, ಊರಿನ ರಾಣಿ ಮಾಟಗಾತಿ. ಆದರೂ ಶಿನೊಹಾರಾ ಒಂದು ಕೆಲಸ ಮಾಡಿದ್ದಾರೆ. ಯೂರಿ ಅಲ್ಲೇ ಉಳಿದು ಆ ಜನರ ಭಾಷೆಯಲ್ಲೇ ಬದುಕುತ್ತಾಳೆ, ಅವರ ಯುದ್ಧದಲ್ಲಿ ಅವರ ಕಡೆ ನಿಲ್ಲುತ್ತಾಳೆ. ಖಾರಿಟಿಯೋನ್‌ಗೆ ಹಡಗು ಹತ್ತುವುದೊಂದೇ ಆತುರ.

ಪ್ರಹಸನದ ಒಂದು ತುಣುಕನ್ನು ಮಾತ್ರ ನಾವು ಮತ್ತೆ ಮತ್ತೆ ನೆನೆಯುತ್ತೇವೆ. ತೀರದ ಹೆಂಗಸರ ಗುಂಪೊಂದು ಬೇಟೆಯಿಂದ ವಾಪಸಾಗುತ್ತದೆ, ಕೈಯಲ್ಲಿ ದೊಡ್ಡ ದೊಡ್ಡ ಬಿಲ್ಲು. ಅದನ್ನು ನೋಡಿಯೇ ಗ್ರೀಕರಿಗೆ ಗಾಬರಿ. ಆ ಹೆಂಗಸರಲ್ಲಿ ಒಬ್ಬಳಿಗೂ ನಾಟಕದವನು ಹೆಸರು ಕೊಟ್ಟಿಲ್ಲ. ವಿದೂಷಕನ ಹೂಸಿಗೆ ಅವರನ್ನು ಓಡಿಸಿ ಮುಗಿಸಿದ್ದಾನೆ.

ಮುಂದಿನ ವಾರ ಬೊಬ್ರುವಾಡಕ್ಕೆ ಮತ್ತೆ ಹೋದಾಗ ಆ ಹುಡುಗಿಗೆ ಇಷ್ಟನ್ನೂ ಹೇಳಿದೆವು. ಹೂಸಿನ ಕತೆಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: "ಅಣ್ಣಾ, ಬಿಲ್ಲು ಹಿಡಿದವರು ಏನು ಬೇಟೆಯಾಡಿ ತಂದಿದ್ರು?" ಅದು ಹಾಳೆಯಲ್ಲಿಲ್ಲ ಅಂದೆವು. ಒಳಗೆ ಹೋಗಿ ಪಟ್ಟಿ, ಪೆನ್ಸಿಲ್ ತಂದು ಕೂತಳು.