“ನಿಮ್ ಜನಕ್ಕೆ ಇದು ಅಷ್ಟು ಜೋರಾಗಿ ಬರಲ್ಲ” ಅನ್ನೋ ಮಾತಿನ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಪೂರ್ತಿ ಓದಿ.

ಹೋದ ತಿಂಗಳು ಗುಂಡ್ಲುಪೇಟೆ ಕಡೆಯ ಒಂದು ಹಾಡಿಯಿಂದ ಒಬ್ಬ ತಾಯಿ, ಮಗನ ಜಾತಿ ಸರ್ಟಿಫಿಕೇಟ್ ವಿಚಾರಕ್ಕೆ ನನ್ನನ್ನ ಹುಡುಕ್ಕೊಂಡು ಬಂದಿದ್ರು. ಹುಡುಗನಿಗೆ ಹದಿನಾರು ವರ್ಷ ಇರಬಹುದು. ಬೆಂಚಿನ ಮೇಲೆ ಮೊಣಕಾಲು ಹಿಡ್ಕೊಂಡು ಕೂತಿದ್ದ, ಕಣ್ಣು ಹಳದಿ. ಏನಾಯ್ತಮ್ಮ ಅಂದೆ. “ಮೂಳ ಒಳಗೇ ಯಾರೋ ಕುಟ್ದಂಗಾಯ್ತದ ಅಂತನ ಕನಣ್ಣ. ಆಸ್ಪತ್ರೇಲಿ ರಕ್ತ ನೋಡ್ಬುಟ್ಟು ಸಿಕಲ್ ಸೆಲ್ಲು ಅಂದ್ರು. ನಿಮ್ ಜನಕ್ಕೆ ಇದು ಅಷ್ಟು ಜೋರಾಗಿ ಬರಲ್ಲ, ನೋವಿನ ಮಾತ್ರ ಕೊಡು ಅಂತ ಕಳಿಸ್ಬುಟ್ರು” ಅಂದ್ರು.

ಯಾವ ಆಸ್ಪತ್ರೆ ಅನ್ನೋದು ಬೇಡ. ಆ ಮಾತು ಒಬ್ಬ ಡಾಕ್ಟರದ್ದಲ್ಲ, ಅದಕ್ಕೊಂದು ಚರಿತ್ರೆಯೇ ಇದೆ. ನಾನು ಬಿ.ಎ. ಓದಿದ ಗುಮಾಸ್ತ, ಡಾಕ್ಟರಲ್ಲ. ಆದ್ರೆ ಫೈಲು ಹಿಂದೆ ತಿರುವಿ ಯಾವ ಟಿಪ್ಪಣಿ ಎಲ್ಲಿ ಶುರುವಾಯ್ತು ಅಂತ ನೋಡೋದು ನನ್ನ ಕೆಲಸ. ಇದನ್ನೂ ಹಾಗೇ ನೋಡಿದೆ.

ಮೊದಲು ಕಾಯಿಲೆ. ರಕ್ತ ಕೆಂಪಗಿರೋದು ಹಿಮೋಗ್ಲೋಬಿನ್‌ನಿಂದ. ಅದರ ಜೀನಿನಲ್ಲಿ ಒಂದು ಅಕ್ಷರ ಬದಲಾದ್ರೆ, ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳಿನ ಹಾಗೆ ಬಿಗಿಯಾಗುತ್ತೆ. ದುಂಡಗಿನ ಕಣ ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆ ಹುಡುಗನ ನೋವು ಅದೇ. ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಅವರು ವಾಹಕರು ಅಷ್ಟೆ. ವಾಹಕರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತೆ ಅಂತ 1954ರಲ್ಲಿ ಆಂಟನಿ ಆಲಿಸನ್ ತೋರಿಸಿಕೊಟ್ಟ. ಹಾಗಾಗಿ ಮಲೇರಿಯಾ ಇದ್ದ ನೆಲದಲ್ಲಿ ಈ ಜೀನ್ ಉಳೀತು.

ಭಾರತದಲ್ಲಿ ಇದು ಮೊದಲು ವರದಿಯಾಗಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದಲ್ಲೇ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿ ರಸ್ತೆ ಹಿಡಿದರೆ ಸಿಗೋ ನೀಲಗಿರಿಯಲ್ಲಿ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಅನ್ನೋ ಇಬ್ಬರು ಅಲ್ಲಿನ ಬುಡಕಟ್ಟು ಜನರ ರಕ್ತ ಪರೀಕ್ಷೆ ಮಾಡಿ ಬರೆದರು. ಲೆಹ್ಮನ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ. ಜನಾಂಗದ ಹೆಸರಲ್ಲಿ ಓಡಿಸಲ್ಪಟ್ಟ ಮನುಷ್ಯ. ಆದ್ರೂ ನಮ್ಮ ಕಾಡಿನ ಜನರನ್ನ ‘ವೆಡ್ಡಾಯ್ಡ್’ ಅನ್ನೋ ಜನಾಂಗದ ಖಾನೆಗೆ ಹಾಕೇ ಲೆಕ್ಕ ಬರೆದ. ಆ ಕಾಲದ ವಿಜ್ಞಾನದ ಭಾಷೆಯೇ ಅದು.

1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ನೀಲಗಿರಿ ಮದರಾಸಿಗೆ, ವಯನಾಡು ಕೇರಳಕ್ಕೆ, ನಮ್ಮದು ಮೈಸೂರಿಗೆ. ಕಾಡು ಒಂದೇ, ಜೀನ್ ಒಂದೇ, ರಿಜಿಸ್ಟರ್ ಮೂರು. ನಮ್ಮ ಕಡೆಯ ಸೋಲಿಗರು, ಜೇನುಕುರುಬರಲ್ಲೂ ಈ ಕಾಯಿಲೆ ಇದೆ.

ಇದು ‘ಕಾಡಿನವರ ಕಾಯಿಲೆ’ ಅಂತ ನಮ್ಮ ಕೇರಿಯವರು ಸುಮ್ಮನಿರೋ ಹಾಗೂ ಇಲ್ಲ. 1958ರಲ್ಲಿ ನಾಗಪುರದ ಡಾಕ್ಟರುಗಳು ಮಹಾರರಲ್ಲೂ ಇದು ಇದೆ ಅಂತ ವರದಿ ಮಾಡಿದ್ರು. ಬಾಬಾಸಾಹೇಬರ ಸಮುದಾಯ ಅದು. ಅದೇ ಊರಲ್ಲಿ ಎರಡು ವರ್ಷ ಮೊದಲು ಅವರು ಬೌದ್ಧ ದೀಕ್ಷೆ ತಗೊಂಡಿದ್ರು. ಜಾತಿ ಅನ್ನೋದು ಜನಾಂಗದ ವಿಭಜನೆ ಅಲ್ಲ ಅಂತ 1936ರ ಜಾತಿ ವಿನಾಶದಲ್ಲೇ ಅವರು ವಾದ ಮಾಡಿದ್ರು. ಈ ಜೀನ್ ಅವರ ಮಾತಿಗೆ ಸಾಕ್ಷಿ. ಇದು ಜಾತಿ ಕೇಳಿ ಹುಟ್ಟಲಿಲ್ಲ. ಒಳಗೊಳಗೇ ಮದುವೆ ಮಾಡಿಸಿ ಅದನ್ನ ಅಲ್ಲಲ್ಲೇ ಕೂಡಿಟ್ಟಿದ್ದು ಜಾತಿ.

ಹಾಗಾದ್ರೆ ‘ಜೋರಾಗಿ ಬರಲ್ಲ’ ಅನ್ನೋದು ಎಲ್ಲಿಂದ ಬಂತು? 1948ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಜಾನೆಟ್ ವಾಟ್ಸನ್ ಅನ್ನೋ ಮಕ್ಕಳ ವೈದ್ಯೆ ಒಂದು ವಿಷಯ ಗಮನಿಸಿದಳು: ಈ ಜೀನ್ ಇರೋ ಹಸುಗೂಸುಗಳ ರಕ್ತಕಣ ಅಷ್ಟಾಗಿ ಬಾಗಲ್ಲ. ಯಾಕಂದ್ರೆ ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇರೆಯದೇ ಹಿಮೋಗ್ಲೋಬಿನ್ ಇರುತ್ತೆ. ಭ್ರೂಣದ ಹಿಮೋಗ್ಲೋಬಿನ್ ಅಂತಾರೆ. ಅದು ಆ ಸರಳಿಗೆ ಸೇರಿಕೊಳ್ಳಲ್ಲ, ಸರಳು ಬೆಳೆಯೋದನ್ನೇ ತಡೆಯುತ್ತೆ. ಹುಟ್ಟಿದ ಮೇಲೆ ತಿಂಗಳು ಕಳೆದಂಗೆ ಇದು ಕರಗುತ್ತೆ. ಸಾಮಾನ್ಯವಾಗಿ ದೊಡ್ಡವರಲ್ಲಿ 100ಕ್ಕೆ 1 ಪಾಲೂ ಉಳಿಯಲ್ಲ.

ಆದ್ರೆ ಕೆಲವರಲ್ಲಿ ಕರಗಲ್ಲ. 1986ರಲ್ಲಿ ಒಡಿಶಾದ ರೋಗಿಗಳ ಮೇಲಿನ ಅಧ್ಯಯನ ಬಂತು. ಇಲ್ಲಿನ ಕುಡುಗೋಲು ಜೀನಿನ ಅಕ್ಕಪಕ್ಕದ ಬರಹ ಆಫ್ರಿಕಾದ್ದಕ್ಕಿಂತ ಬೇರೆ, ಪೂರ್ವ ಸೌದಿಯವರದ್ದರ ಹಾಗೇ ಇದೆ ಅಂತ ಗೊತ್ತಾಯ್ತು. ಅರಬ್-ಇಂಡಿಯನ್ ಮಾದರಿ ಅಂತ ಹೆಸರಾಯ್ತು. ನೀಲಗಿರಿಯ ಬುಡಕಟ್ಟುಗಳಲ್ಲೂ ಹೆಚ್ಚಾಗಿ ಇರೋದು ಇದೇ. ಈ ಮಾದರಿಯವರಲ್ಲಿ ಭ್ರೂಣದ ಹಿಮೋಗ್ಲೋಬಿನ್ 100ಕ್ಕೆ ಸುಮಾರು 20 ಪಾಲು ಉಳಿಯೋದುಂಟು. ಆಫ್ರಿಕಾ ಮೂಲದ ಬಹಳಷ್ಟು ರೋಗಿಗಳಲ್ಲಿ 10ಕ್ಕಿಂತ ಕಡಿಮೆ. ಆಮೇಲೆ, 2007-08ರಲ್ಲಿ, ಎರಡನೇ ಕ್ರೋಮೋಸೋಮಿನ ಬಿಸಿಎಲ್11ಎ ಅನ್ನೋ ಜೀನ್ ಈ ಹಿಮೋಗ್ಲೋಬಿನ್‌ನ ಸ್ವಿಚ್ ಆಫ್ ಮಾಡುತ್ತೆ ಅಂತಲೂ ತಿಳೀತು. ಇಂಥ ಹಲವು ಕಡೆ ಇರೋ ಸಣ್ಣ ಸಣ್ಣ ವ್ಯತ್ಯಾಸಗಳಿಂದ ಒಬ್ಬೊಬ್ಬರಿಗೆ ಒಂದೊಂದು ಪಾಲು ಉಳಿಯುತ್ತೆ.

ಇಲ್ಲೇ ಮೋಸ ಆಗಿದ್ದು. ‘ಸರಾಸರಿ ಹೆಚ್ಚು’ ಅನ್ನೋದು ‘ನಿಮಗೇನೂ ಆಗಲ್ಲ’ ಅಂತ ಆಗೋಯ್ತು. ಸರಾಸರಿ ಯಾರ ಮನೆ ಮಗನೂ ಅಲ್ಲ. ನಾಗಪುರದ ವೈದ್ಯರು ಹುಟ್ಟಿದ ಮಕ್ಕಳನ್ನೇ ಪರೀಕ್ಷಿಸಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿದ್ದೂ ತೀವ್ರವಾಗಿ ನರಳಿದ ಮಕ್ಕಳು ಸಿಕ್ಕಿದ್ರು. ರಕ್ತ ಕೊಡಬೇಕಾದ ಮಕ್ಕಳು, ಸೋಂಕಿಗೆ ತುತ್ತಾದ ಮಕ್ಕಳು. ಹಾಡಿಯಲ್ಲಿ ಸತ್ತ ಮಗುವನ್ನ ಯಾರೂ ಎಣಿಸದೇ ಇದ್ದಾಗ, ಬದುಕಿ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿ ಕಾಯಿಲೆ ಸೌಮ್ಯ ಅನ್ನೋದು ಸುಲಭ.

ಇನ್ನೊಂದು ವಿಷಯ. ಪ್ರಕೃತಿ ಕೆಲವರಿಗೆ ಕೊಟ್ಟಿದ್ದನ್ನ ಮಾತ್ರೆಯೂ ಕೊಡುತ್ತೆ. ಹೈಡ್ರಾಕ್ಸಿಯೂರಿಯಾ ಅಂತ ಹೆಸರು. ಭ್ರೂಣದ ಹಿಮೋಗ್ಲೋಬಿನ್ ಏರಿಸಿ ನೋವು ಕಡಿಮೆ ಮಾಡುತ್ತೆ ಅಂತ 1995ರಲ್ಲೇ ಸಾಬೀತಾಗಿದೆ. ಅತ್ತ ಅಮೆರಿಕದಲ್ಲಿ 2023ರಲ್ಲಿ ಬಿಸಿಎಲ್11ಎ ಸ್ವಿಚ್ಚನ್ನೇ ಕತ್ತರಿಸೋ ಚಿಕಿತ್ಸೆಗೆ ಅನುಮತಿ ಸಿಕ್ತು, ಬೆಲೆ 22 ಲಕ್ಷ ಡಾಲರ್. ನಾವು ಅದನ್ನ ಕೇಳ್ತಿಲ್ಲ. ಆ ಹುಡುಗನಿಗೆ ಡಾಕ್ಟರ ನಿಗಾದಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸ್ಕೊಂಡು, ಈ ಮಾತ್ರೆ ಯಾಕೆ ಸಿಗಬಾರದು ಅಂತ ಕೇಳ್ತಿದ್ದೀವಿ.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರು ಮಾಡ್ತು. 17 ರಾಜ್ಯ, 7 ಕೋಟಿ ಜನರ ಪರೀಕ್ಷೆ, 2047ರ ಗುರಿ. ಕರ್ನಾಟಕವೂ ಇದೆ. ಪರೀಕ್ಷೆ ಆಗಲಿ, ಕಾರ್ಡೂ ಕೊಡಲಿ. ಆದ್ರೆ ಆ ಕಾರ್ಡು ಮದುವೆ ಮುರಿಯೋಕಷ್ಟೇ ಬಳಕೆಯಾಗಿ ಮಾತ್ರೆ ತರದೇ ಹೋದ್ರೆ, ಹಳೇ ಕಳಂಕಕ್ಕೆ ಹೊಸ ಸೀಲು ಹಾಕಿದ ಹಾಗೆ ಅಷ್ಟೆ.

ಗೆಳೆಯರೇ, ಮೂರು ಕೆಲಸ. ಒಂದು, ನಿಮ್ಮ ಕಡೆ ಹಾಡಿ, ಪೋಡು, ಕೇರಿಯಲ್ಲಿ ಮೂಳೆ ನೋವು, ಕಣ್ಣು ಹಳದಿ ಅಂತ ಯಾರಾದ್ರೂ ನರಳ್ತಿದ್ರೆ ಪರೀಕ್ಷೆಗೆ ಕರ್ಕೊಂಡು ಹೋಗಿ. ವಾಹಕರೋ ರೋಗಿಯೋ ಅನ್ನೋದನ್ನ ಬರೆಸ್ಕೊಂಡೇ ಬನ್ನಿ. ಎರಡು, ರೋಗಿ ಅಂದ್ರೆ ಹೈಡ್ರಾಕ್ಸಿಯೂರಿಯಾ ಬೇಕಾ ಅಂತ ಡಾಕ್ಟರನ್ನ ಕೇಳಿ. ಮೂರು, 2016ರ ವಿಕಲಚೇತನರ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಇದೆ. ಸರ್ಟಿಫಿಕೇಟಿಗೆ ಅರ್ಜಿ ಹಾಕಿಸಿ. ಅರ್ಜಿ ತುಂಬೋದು ಗೊತ್ತಾಗದಿದ್ರೆ ನನಗೆ ಮೆಸೇಜ್ ಮಾಡಿ, ಗುಮಾಸ್ತನಾಗಿದ್ದಕ್ಕೆ ಇದಾದ್ರೂ ಉಪಯೋಗಕ್ಕೆ ಬರಲಿ.

ಆ ತಾಯಿ, ಮಗನ ಜೊತೆ ಸೋಮವಾರ ಮತ್ತೆ ಆಸ್ಪತ್ರೆಗೆ ಹೋಗ್ತಿದ್ದೀನಿ. ಮತ್ತದೇ ಮಾತು ಬಂದ್ರೆ, ‘ಯಾವ ಪರೀಕ್ಷೆ ನೋಡಿ ಹೇಳ್ತಿದ್ದೀರಿ ಸಾರ್, ಅದನ್ನ ಚೀಟಿಯಲ್ಲಿ ಬರೆದುಕೊಡಿ’ ಅಂತ ಕೇಳ್ತೀನಿ.

ಜೈ ಭೀಮ್.